ಎಸ್ಪ್ರೆಸೊ ನೀರಿನಂತೆ ಇಳಿಯುವುದೇಕೆ?

ಪ್ರಶ್ನೆ: ನಮ್ಮ ಮನೆಯ ಎಸ್ಪ್ರೆಸೊ ಯಂತ್ರದಲ್ಲಿ ಕಾಫಿ ಹತ್ತೇ ಸೆಕೆಂಡಿನಲ್ಲಿ ಸುರಿದುಬಿಡುತ್ತದೆ, ರುಚಿಯೂ ಹುಳಿಯಾಗಿರುತ್ತದೆ. ಬೀಜವನ್ನು ಬ್ಲೇಡ್ ಗ್ರೈಂಡರಿನಲ್ಲಿ ಪುಡಿ ಮಾಡುತ್ತೇನೆ. ಯಂತ್ರ ಕೆಟ್ಟಿದೆಯೇ?

ಉತ್ತರ: ಯಂತ್ರವನ್ನು ದುರಸ್ತಿಗೆ ಒಯ್ಯುವ ಮುನ್ನ ಪುಡಿಯತ್ತ ಗಮನ ಕೊಡಿ. ಸುಮಾರು 9 ಬಾರ್ ಒತ್ತಡದಲ್ಲಿ ಬರುವ ನೀರಿಗೆ ತಡೆಯೊಡ್ಡುವುದು ಪುಡಿಯ ಪದರವೇ ಆದ್ದರಿಂದ, ಬ್ಲೇಡ್ ಗ್ರೈಂಡರ್ ಕೊಡುವಂತಹ ದಪ್ಪ ಮತ್ತು ಸಣ್ಣ ಕಣಗಳ ಮಿಶ್ರಣದಲ್ಲಿ ನೀರು ಸುಲಭದ ದಾರಿ ಹಿಡಿದು, ಸಾರವನ್ನು ಪೂರ್ತಿಯಾಗಿ ಸೆಳೆದುಕೊಳ್ಳದೆ ಹೊರಬರುತ್ತದೆ. ಹುಳಿಗೆ ಕಾರಣ ಅದೇ. ಸಾಮಾನ್ಯವಾಗಿ 18 ಗ್ರಾಂ ಪುಡಿಯಿಂದ 36 ಗ್ರಾಂ ಕಾಫಿ 25ರಿಂದ 30 ಸೆಕೆಂಡುಗಳಲ್ಲಿ ಇಳಿಯಬೇಕು. ಇದಕ್ಕೆ ಪುಡಿಯ ನುಣುಪನ್ನು ಅತಿ ಸಣ್ಣ ಹಂತಗಳಲ್ಲಿ ಹೊಂದಿಸಬಲ್ಲ ಬರ್ ಗ್ರೈಂಡರ್, ಅಂದರೆ ಎರಡು ಹಲ್ಲಿನ ಚಕ್ರಗಳ ನಡುವೆ ಬೀಜವನ್ನು ಅರೆಯುವ ಗ್ರೈಂಡರ್, ಬೇಕು. ಹಣ ಸೀಮಿತವಾಗಿದ್ದರೆ, ಅಗ್ಗದ ವಿದ್ಯುತ್ ಗ್ರೈಂಡರಿಗಿಂತ ಕೈಯಿಂದ ತಿರುಗಿಸುವ ಉತ್ತಮ ಗ್ರೈಂಡರನ್ನೇ ನಾನು ಸೂಚಿಸುತ್ತೇನೆ. ಪುಡಿ ತುಂಬಿ ಯಂತ್ರಕ್ಕೆ ಸಿಕ್ಕಿಸುವ ಹಿಡಿಕೆಯ ಬಟ್ಟಲಿನ ಅಂಚಿನಿಂದ ನೀರು ಸೋರುತ್ತಿದ್ದರೆ ಮಾತ್ರ ಅಲ್ಲಿನ ಗ್ಯಾಸ್ಕೆಟ್ (ಸೋರಿಕೆ ತಡೆಯುವ ರಬ್ಬರ್ ಬಳೆ) ಬದಲಿಸಿ.