ಸ್ಪರ್ಶಕೋನ ಸಲಕ್ಕೊಂದು ಬರುತ್ತಿದ್ದರೆ ಮೊದಲು ಕೊಳವೆ ನೋಡಿ

ಒಂದೇ ಪುಡಿ, ಒಂದೇ ನೀರು. ಆದರೂ ವಾಶ್‌ಬರ್ನ್ ವಿಧಾನದಲ್ಲಿ (ಪುಡಿ ತುಂಬಿದ ಕೊಳವೆಯೊಳಗೆ ದ್ರವ ಏರುವ ವೇಗದಿಂದ ಲೆಕ್ಕ ಹಾಕುವುದು) ಸ್ಪರ್ಶಕೋನ, ಅಂದರೆ ದ್ರವದ ಅಂಚು ಪುಡಿಯ ಮೇಲ್ಮೈಯನ್ನು ಮುಟ್ಟುವ ಕೋನ, ಪ್ರತಿ ಸಲ ಬೇರೆ ಬರುವುದೇಕೆ ಎಂದು ಕೇಳಿದ್ದೀರಿ. ನನ್ನ ಅನುಮಾನ ಪುಡಿ ತುಂಬುವ ರೀತಿಯ ಮೇಲೆಯೇ. ಪ್ರತಿ ಕೊಳವೆಗೂ ಅಷ್ಟೇ ತೂಕ ಹಾಕಿ, ಅಷ್ಟೇ ಸಲ ತಟ್ಟಿ, ಅಷ್ಟೇ ಎತ್ತರಕ್ಕೆ ಇಳಿಸಿ. ಎತ್ತರ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಒಳಗಿನ ಸಂದುಗಳು ಬದಲಾದವೆಂದೇ ಅರ್ಥ; ನಾನಾದರೆ ಅದನ್ನು ಸುರಿದು ಮತ್ತೆ ತುಂಬುತ್ತೇನೆ.

ಆಮೇಲೆ ಒಂದು ಕೊಳವೆಯಲ್ಲಿ ಮೊದಲು ಹೆಕ್ಸೇನ್ ಎಂಬ ದ್ರವ ಏರಿಸಿ. ಅದರ ಮೇಲ್ಮೈ ಎಳೆತ ಮೀಟರಿಗೆ ಸುಮಾರು 18 ಮಿಲಿನ್ಯೂಟನ್ ಮಾತ್ರ. ಬಹುತೇಕ ಪುಡಿಗಳನ್ನು ಪೂರ್ತಿ ತೋಯಿಸುವುದರಿಂದ ಕೋನ ಸೊನ್ನೆ ಎಂದಿಟ್ಟುಕೊಂಡು ಕೊಳವೆಯ ಸ್ಥಿರಾಂಕ (ಒಳಗಿನ ಸಂದುಗಳ ಲೆಕ್ಕ ಹಿಡಿಯುವ ಸಂಖ್ಯೆ) ತೆಗೆಯಬಹುದು. ನೀರಿಗೆ ಹೊಸದಾಗಿ ತುಂಬಿದ ಕೊಳವೆಯೇ ಬೇಕು. ಹೀರಿದ ದ್ರವದ ತೂಕದ ವರ್ಗವನ್ನು (ತೂಕ × ತೂಕ) ಕಾಲದೆದುರು ನಕ್ಷೆಯಲ್ಲಿ ಗುರುತಿಸಿ, ನೇರ ಗೆರೆಯ ಭಾಗದ ಇಳಿಜಾರನ್ನಷ್ಟೇ ಬಳಸಿ. ನೀರು ಏರದೇ ನಿಂತರೆ ಕೋನ 90 ಡಿಗ್ರಿ ದಾಟಿರಬಹುದು. ಅಲ್ಲಿ ಈ ವಿಧಾನ ನಡೆಯದು.