ಬಣ್ಣ ಹೋಗಿದ್ದು ಎಲ್ಲಿ ಎಂದು ಮೊದಲು ನೋಡಿ

ಪ್ರಶ್ನೆ: ನೂರು ಲೀಟರಿನ ಉಪ್ಪುನೀರಿನ ಟ್ಯಾಂಕಿನಲ್ಲಿ ಹವಳದ ಬಳಗದ ಜೋವಾಂಥಸ್, ಮಶ್ರೂಮ್ ಹವಳ ಮತ್ತು ಎರಡು ಕ್ಲೌನ್ ಮೀನು ಇವೆ. ಮೂರು ವಾರದ ಹಿಂದೆ ಹೊಸ ಎಲ್‌ಇಡಿ ಹಾಕಿಸಿದೆ. ಈಗ ಮಶ್ರೂಮ್‌ಗಳು ಬಿಳಚಿಕೊಂಡಿವೆ, ಕಲ್ಲಿನ ಮರೆಯಲ್ಲಿರುವವು ಮಾತ್ರ ಮೊದಲಿನಂತೆಯೇ ಇವೆ. ಪಾಚಿ ಬಾರದಿರಲೆಂದು ಫಾಸ್ಫೇಟ್ ಹೀರುವ ಚೀಲ ಇಟ್ಟಿದ್ದೇನೆ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ. ಯಾವ ಔಷಧ ಹಾಕಲಿ?
– ಓದುಗರು, ಕಾರವಾರ

ಉತ್ತರ: ಔಷಧ ಬೇಡ. ಮರೆಯಲ್ಲಿದ್ದವು ಉಳಿದುಕೊಂಡಿವೆ ಎಂದ ಮೇಲೆ ತಪ್ಪು ಬೆಳಕಿನದ್ದೇ. ಶಾಖ ಅಥವಾ ಉಪ್ಪಿನಂಶದ ಏರುಪೇರಾಗಿದ್ದರೆ ನೆರಳಿನವೂ ಬಿಳಚುತ್ತಿದ್ದವು.

ಹವಳದ ಅಂಗಾಂಶದೊಳಗೆ ಕಂದು ಬಣ್ಣದ ಸೂಕ್ಷ್ಮ ಪಾಚಿ ಇರುತ್ತದೆ. ಬೆಳಕು ಹಠಾತ್ತನೆ ಹೆಚ್ಚಿದರೆ ಆ ಪಾಚಿಯೇ ಹವಳಕ್ಕೆ ವಿಷವಾಗುತ್ತದೆ, ಹವಳ ಅದನ್ನು ಹೊರಹಾಕುತ್ತದೆ. ನಿಮ್ಮಲ್ಲಿ ನೈಟ್ರೇಟ್, ಫಾಸ್ಫೇಟ್ ಸಿಗದೆ ಹವಳ ಉಪವಾಸವೂ ಬಿದ್ದಿದೆ. ನೈಟ್ರೇಟ್ ಸೊನ್ನೆ ಎಂಬುದನ್ನು ಹವಳದ ಟ್ಯಾಂಕಿನಲ್ಲಿ ಒಳ್ಳೆಯ ಫಲಿತಾಂಶವೆಂದು ಓದಬಾರದು.

ಎಲ್‌ಇಡಿಯನ್ನು ಈಗಿನ ಅರ್ಧಕ್ಕೆ ಇಳಿಸಿ, ವಾರಕ್ಕೆ ಶೇ. 5ರಂತೆ ಮಾತ್ರ ಏರಿಸಿ. ಹವಳದ ಜಾಗ ಬದಲಿಸಬೇಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದೇ ತಿಳಿಯದು. ಚೀಲ ತೆಗೆದುಬಿಡಿ, ಮೀನಿಗೆ ದಿನಕ್ಕೆರಡು ಸಲ ಆಹಾರ ಕೊಡಿ. ನೈಟ್ರೇಟ್ 5 ಪಿಪಿಎಂ (ಲೀಟರಿಗೆ ಸುಮಾರು 5 ಮಿಲಿಗ್ರಾಂ), ಫಾಸ್ಫೇಟ್ 0.03ರಿಂದ 0.1ರೊಳಗೆ ಬಂದರೆ ಸಾಕು. ಬಣ್ಣ ಮರಳಲು ಒಂದೂವರೆ-ಎರಡು ತಿಂಗಳು ಹಿಡಿಯುತ್ತದೆ. ಬಿಳಚಿದ್ದರೂ ಮೈ ತುಂಬಿಕೊಂಡಿದ್ದು ಬಾಯಿ ಮುಚ್ಚಿದ್ದರೆ ಅದು ಬದುಕಿದೆ. ಬಾಯಿ ತೆರೆದು ಲೋಳೆಯಾಗಿ ಕರಗತೊಡಗಿದ್ದನ್ನು ಮಾತ್ರ ಹೊರತೆಗೆಯಿರಿ.

ಏಪ್ರಿಲ್-ಮೇನಲ್ಲಿ ಉಷ್ಣತೆಯನ್ನು ಮಧ್ಯಾಹ್ನ ಮೂರಕ್ಕೆ ಅಳೆಯಿರಿ. ಬೆಳಗಿನ ಅಳತೆ ಮೋಸ ಮಾಡುತ್ತದೆ. 25–27 ಡಿಗ್ರಿ ಸರಿ. ಕರಾವಳಿಯ ತೇವದ ಹವೆಯಲ್ಲಿ ನೀರು ಬೇಗ ಆರದು, ಹಾಗಾಗಿ ಫ್ಯಾನ್ ಹೆಚ್ಚೇನೂ ತಣಿಸದು. ಚಿಲ್ಲರ್ (ನೀರು ತಣಿಸುವ ಯಂತ್ರ) ದುಬಾರಿ, ಆದರೆ ಇಲ್ಲಿ ಅದೇ ನಂಬಿಕಸ್ಥ.

ಪ್ರಶ್ನೆ: ವಾರವಾರ ನೀರು ಬದಲಿಸಲು ಕಡಲಿನಿಂದಲೇ ತರುತ್ತೇನೆ. ಮಳೆಗಾಲ ಶುರುವಾದಾಗಿನಿಂದ ಹವಳ ಮುದುಡಿ ಕಂದಾಗಿದೆ.
– ಓದುಗರು, ಹೊನ್ನಾವರ

ಉತ್ತರ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಳಿವೆಯ ಸುತ್ತ ನೀವು ತುಂಬಿಕೊಳ್ಳುವುದು ಅರೆಪಾಲು ಶರಾವತಿಯ ನೀರನ್ನೇ. ಮುದುಡುವುದು ಉಪ್ಪು ಕಡಿಮೆಯಾಗಿ. ಕಂದಾಗುವುದು ಬೇರೆ ಕಾರಣಕ್ಕೆ: ನೆರೆನೀರಿನ ನೈಟ್ರೇಟ್‌ನಿಂದ ಒಳಗಿನ ಪಾಚಿ ಮಿತಿಮೀರಿ ಬೆಳೆದಿರುತ್ತದೆ. ಆ ನಾಲ್ಕು ತಿಂಗಳು ಆರ್‌ಒ ನೀರಿಗೆ ಲೀಟರಿಗೆ ಸುಮಾರು 36–38 ಗ್ರಾಂ ಅಕ್ವೇರಿಯಂ ಉಪ್ಪು ಬೆರೆಸಿ (ಅಡುಗೆ ಉಪ್ಪಲ್ಲ!), ಒಂದು ದಿನ ಪಂಪಿನಲ್ಲಿ ತಿರುಗಿಸಿ ಬಳಸಿ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಕಿಲೋ ನೀರಿಗೆ 35 ಗ್ರಾಂ (35 ಪಿಪಿಟಿ) ತೋರಿಸಬೇಕು. ಟ್ಯಾಂಕಿನ ಉಪ್ಪಿನಂಶವನ್ನು ದಿನಕ್ಕೆ ಕಿಲೋ ನೀರಿಗೆ ಒಂದು ಗ್ರಾಮಿಗಿಂತ ಹೆಚ್ಚು ಏರಿಸಬೇಡಿ.

ಪ್ರಶ್ನೆ: ನೇತ್ರಾಣಿಯ ಹವಳದ ತುಂಡು ತಂದು ಸಾಕಬಹುದೇ?
– ಓದುಗರು, ಭಟ್ಕಳ

ಉತ್ತರ: ಕೂಡದು. ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ದಂಡೆಗೆ ಬಂದು ಬಿದ್ದ ಸತ್ತ ತುಂಡಿಗೂ ಕೈ ಹಾಕಬೇಡಿ.