ಎಲೀಫಜನ ಮಾತು, ತಂದೆಯ ಬಾಯಲ್ಲಿ

ಮಕ್ಕಳನ್ನು ಬೈಬಲ್ ವಚನದಿಂದ ತಿದ್ದಲು ಹೊರಟ ಹೆತ್ತವರು ಸಲಹೆ ಕೇಳಿ ನನ್ನ ಬಳಿಗೆ ಮೇಲಿಂದ ಮೇಲೆ ಬರುತ್ತಾರೆ; ಗುರುತು ಸಿಗದಂತೆ ವಿವರ ಬದಲಿಸಿ ಅಂಥ ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಬಂದವರು ಐವತ್ತರ ಆಸುಪಾಸಿನ ತಂದೆ, ಕ್ರೈಸ್ತ ಸಭೆಯಲ್ಲಿ ವರ್ಷಗಳಿಂದ ಬೈಬಲ್ ಅಧ್ಯಯನ ನಡೆಸುವವರು. ಓದನ್ನು ಅರ್ಧಕ್ಕೆ ಬಿಟ್ಟ ಮಗ ಅವರೊಡನೆ ಮಾತು ನಿಲ್ಲಿಸಿದ್ದ. ಅವನ ಮನಸ್ಸು ತಿರುಗಿಸಬಲ್ಲ ವಚನ ಯಾವುದೆಂದು ಕೇಳಲು ಅವರು ಬಂದಿದ್ದರು.

ಮೂರನೆಯ ಭೇಟಿಯಲ್ಲಿ, ಮಗ ಮನೆಗೆ ಮರಳಿದ ರಾತ್ರಿ ತಾವು ಹೇಳಿದ್ದನ್ನು ನೆನಪಿಸಿಕೊಂಡರು: ದೇವರು ಯಾರನ್ನು ಶಿಕ್ಷಿಸುತ್ತಾನೋ ಅವನೇ ಧನ್ಯನು. ನಿರ್ದೋಷಿಯಾಗಿದ್ದೂ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಕಥೆ ಹೇಳುವ ಬೈಬಲಿನ ಯೋಬನ ಗ್ರಂಥದ 5ನೆಯ ಅಧ್ಯಾಯದ ಮಾತು. "ಇದನ್ನು ಹೇಳಿದವರು ಯಾರು?" ಎಂದು ಕೇಳಿದೆ. "ಯೋಬ" ಎಂದರು, ತಟ್ಟನೆ. ತೆರೆದು ನೋಡಲು ಹೇಳಿದೆ. ಹೇಳಿದವನು ಎಲೀಫಜ, 42ನೆಯ ಅಧ್ಯಾಯದಲ್ಲಿ ದೇವರು ಯಾರ ಮೇಲೆ ಕೋಪಗೊಂಡನೋ ಯೋಬನ ಆ ಗೆಳೆಯ. ಅವರು ಸುಲಭವಾಗಿ ಬಿಟ್ಟುಕೊಡಲಿಲ್ಲ: "ಬೈಬಲಿನದೇ ಜ್ಞಾನೋಕ್ತಿಗಳ ಗ್ರಂಥದ 3ನೆಯ ಅಧ್ಯಾಯದಲ್ಲೂ ಇದೇ ಅರ್ಥದ ಮಾತಿದೆಯಲ್ಲ, ಅದೂ ಸುಳ್ಳೇ?" ಪ್ರಶ್ನೆ ನ್ಯಾಯವಾದದ್ದೇ, ಸುಳ್ಳಲ್ಲವೆಂದು ಒಪ್ಪಿಕೊಂಡೆ. ಹಾಗಾದರೆ ಎಲೀಫಜ ತಪ್ಪಿದ್ದೆಲ್ಲಿ ಎಂದು ನಾವಿಬ್ಬರೂ ಹುಡುಕತೊಡಗಿದೆವು. ಅವನೂ ಅವನ ಇಬ್ಬರು ಸಂಗಡಿಗರೂ ಏಳು ದಿನ ಏಳು ರಾತ್ರಿ ಯೋಬನ ಪಕ್ಕದಲ್ಲಿ, ನೆಲದ ಮೇಲೆ, ಮಾತಿಲ್ಲದೆ ಕುಳಿತಿದ್ದರು. ಬಾಯಿ ತೆರೆದಾಗ ಮಾತ್ರ ಯೋಬನ ಸಂಕಟದ ಕಾರಣ ತಮಗೆ ಆಗಲೇ ತಿಳಿದಿದೆಯೆಂಬಂತೆ ಮಾತಾಡಿದರು. ಕೇಳಿಸಿಕೊಳ್ಳುವ ಮೊದಲೇ ಉತ್ತರ ಕೊಡುವುದು ಮೂರ್ಖತನ ಎನ್ನುವ ಜ್ಞಾನೋಕ್ತಿ 18:13 ಆ ತಂದೆಗೆ ಬಾಯಿಪಾಠವಾಗಿತ್ತು. ಅದನ್ನು ತಾವೇ ಹೇಳಿ, ಬಹಳ ಹೊತ್ತಿನ ಮೇಲೆ, "ಅವನು ಓದು ಯಾಕೆ ಬಿಟ್ಟನೆಂದು ನಾನು ಕೇಳಿಯೇ ಇಲ್ಲ" ಎಂದರು.

ನನ್ನ ಸಲಹೆ ಹೀಗಿತ್ತು: ಎರಡು ವಾರ ಮಗನಿಗೆ ಒಂದು ವಚನವನ್ನೂ ಹೇಳಬೇಡಿ, ಉತ್ತರ ನಿಮಗೆ ಗೊತ್ತಿಲ್ಲದ ಒಂದೇ ಪ್ರಶ್ನೆ ಕೇಳಿ, ಅವನು ಮಾತಾಡಿದರೆ ನಡುವೆ ಬಾಯಿ ಹಾಕಬೇಡಿ. ವಿಶ್ವಾಸಿಯ ಕೈಯಿಂದ ವಚನವನ್ನು ಕಿತ್ತುಕೊಳ್ಳುತ್ತೇನೆಂದು ಆಕ್ಷೇಪಿಸಿದವರಿದ್ದಾರೆ. ನಾನು ಹಾಗೆಣಿಸುವುದಿಲ್ಲ. ಬೈಬಲಿನ ಅರಸ ಸೊಲೊಮೋನನು ದೇವರಲ್ಲಿ ವಿವೇಕವನ್ನು ಬೇಡಿಕೊಂಡಾಗ ಹೀಬ್ರೂ ಮೂಲದಲ್ಲಿರುವ ಮಾತಿನ ಅರ್ಥ 'ಆಲಿಸುವ ಹೃದಯ'. ತನ್ನನ್ನು ಜ್ಞಾನಿಯೆಂದು ಎಣಿಸಿಕೊಳ್ಳುವವನಿಗಿಂತ ಮೂಢನ ವಿಷಯದಲ್ಲಿ ಹೆಚ್ಚು ನಿರೀಕ್ಷೆಯುಂಟು ಎನ್ನುವ ವಚನವನ್ನು (ಜ್ಞಾನೋಕ್ತಿ 26:12) ಮಕ್ಕಳತ್ತ ತಿರುಗಿಸುವ ಹೆತ್ತವರನ್ನು ನಾನು ಸಾಕಷ್ಟು ಕಂಡಿದ್ದೇನೆ. ತಮ್ಮತ್ತ ತಿರುಗಿಸಿಕೊಂಡವರು ಕಡಿಮೆ.

ಮುಂದಿನ ಸಲ ಅವರು ತಾವು ತಂದೆಯಾಗಲು ಯೋಗ್ಯರಲ್ಲ, ತಮಗೇನೂ ತಿಳಿಯದು ಎಂದು ಹಲುಬುತ್ತಲೇ ಬಂದರು. ಅದನ್ನೂ ತಡೆದೆ, ಏಕೆಂದರೆ ಆಗಲೂ ಮಾತೆಲ್ಲ ಅವರ ಸುತ್ತಲೇ ಸುತ್ತುತ್ತಿತ್ತು, ಮಗ ಹೊರಗೇ ನಿಂತಿದ್ದ. ಜ್ಞಾನೋಕ್ತಿಗಳ 30ನೆಯ ಅಧ್ಯಾಯದಲ್ಲಿ ಮಾತಾಡುವ ಆಗೂರ ಎಂಬವನು ತನಗೆ ಜ್ಞಾನವಿಲ್ಲವೆಂದು ಒಪ್ಪಿಕೊಂಡು ಅಲ್ಲೇ ಕೂರುವುದಿಲ್ಲ. ಮರುವಚನದಲ್ಲೇ ಆಕಾಶಕ್ಕೇರಿ ಇಳಿದವರು ಯಾರು, ಗಾಳಿಯನ್ನು ಮುಷ್ಟಿಯಲ್ಲಿ ಹಿಡಿದವರು ಯಾರು ಎಂದು ಕೇಳಲು ಹೊರಡುತ್ತಾನೆ.

ಕೆಲವು ದಿನಗಳ ಬಳಿಕ ಅವರು ಮಗನನ್ನು ಕೇಳಿದರು. ಅವನು ಕೊಟ್ಟ ಉತ್ತರ ಅವರಿಗೆ ಹಿಡಿಸಲಿಲ್ಲ. ಮುಗಿಯುವ ತನಕ ಕುಳಿತು ಕೇಳಿದರಂತೆ.